ಸೀಬೆ ಎಲೆಯ ಸಾರವನ್ನು ಮೀನಿನ ಆಹಾರಕ್ಕೆ ಬೆರೆಸುವುದು ಹೇಗೆ?

ಮೈಮೇಲೆ ಕೆಂಪು ಹುಣ್ಣು, ಉದುರುವ ಹುರುಪೆ, ಊದಿದ ಹೊಟ್ಟೆ. ಇಷ್ಟೆಲ್ಲ ಕಂಡ ಮೇಲೆ ಗಿಡಮೂಲಿಕೆ ಹುಡುಕಿಕೊಂಡು ಹೊರಟರೆ ತಡವಾಗಿಬಿಡುತ್ತದೆ. ಕಾಯಿಲೆ ಬಿದ್ದ ಮೀನು ಬಹುಬೇಗ ಊಟ ಬಿಡುತ್ತದೆ. ಊಟವನ್ನೇ ಬಿಟ್ಟ ಮೀನಿನ ಹೊಟ್ಟೆಗೆ ಸಾರ ಹೋಗುವುದಾದರೂ ಹೇಗೆ? ಮೀನು ಚೆನ್ನಾಗಿ ತಿನ್ನುತ್ತಿರುವಾಗಲೇ ಇದನ್ನು ಶುರು ಮಾಡಬೇಕು.

ಇಂಥ ಹುಣ್ಣಿಗೆ ಹಲವು ಸಲ ಕಾರಣವಾಗುವುದು ಏರೋಮೊನಾಸ್ ಹೈಡ್ರೋಫಿಲಾ ಎಂಬ ಬ್ಯಾಕ್ಟೀರಿಯಾ. ಅದು ನೀರಿನಲ್ಲಿ ಯಾವಾಗಲೂ ಇರುತ್ತದೆ. ಮೀನುಗಳು ಕಿಕ್ಕಿರಿದಾಗ, ಆಮ್ಲಜನಕ ಇಳಿದಾಗ, ನೀರು ಕಾದಾಗ ಮೇಲೆ ಬೀಳುತ್ತದೆ. ಅದೇ ಹೊತ್ತಿಗೆ ಮೀನಿನ ದೇಹದೊಳಗೆ ಜೀವಕೋಶಗಳನ್ನು ಕೆಡಿಸುವ ಕಣಗಳಾದ ಫ್ರೀ ರ‍್ಯಾಡಿಕಲ್‌ಗಳೂ ಹೆಚ್ಚುತ್ತವೆ. ಮೀನಿನ ಕೊಬ್ಬು ಬೇಗ ಕೆಡುವ ಬಗೆಯದು, ಹಾಗಾಗಿ ಪೆಟ್ಟು ಜೋರಾಗಿಯೇ ಬೀಳುತ್ತದೆ. ಸೀಬೆ ಎಲೆಯ ಟ್ಯಾನಿನ್ ಮತ್ತು ಕ್ವರ್ಸೆಟಿನ್ ಎಂಬ ಅಂಶಗಳು ಎರಡೂ ಕಡೆ ಕೆಲಸ ಮಾಡುತ್ತವೆ: ಬ್ಯಾಕ್ಟೀರಿಯಾವನ್ನು ತಡೆಯುತ್ತವೆ, ಫ್ರೀ ರ‍್ಯಾಡಿಕಲ್‌ಗಳನ್ನು ತಣ್ಣಗಾಗಿಸುತ್ತವೆ.

ಮೊದಲು ಎಲೆ. ಕೀಟನಾಶಕ ಸಿಂಪಡಿಸದ ಗಿಡದ ಎಲೆಯೇ ಬೇಕು, ಇದರಲ್ಲಿ ರಾಜಿ ಬೇಡ. ತೊಳೆದು ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ನಮಗೆ ಬೇಕಾದ ಅಂಶಗಳೇ ಒಂದಷ್ಟು ಹಾಳಾಗುತ್ತವೆ. ಕೈಯಲ್ಲಿ ಹಿಸುಕಿದರೆ ಪುಡಿಪುಡಿಯಾಗಬೇಕು. ಆಮೇಲೆ ನುಣ್ಣಗೆ ಬೀಸಿ ಜರಡಿ ಹಿಡಿಯಿರಿ.

10 ಗ್ರಾಂ ಪುಡಿಗೆ 100 ಮಿ.ಲೀ. ಬಿಸಿ ನೀರು ಹಾಕಿ, ಮುಚ್ಚಿಟ್ಟು, ತಣ್ಣಗಾದ ಮೇಲೆ ಬಟ್ಟೆಯಲ್ಲಿ ಹಿಂಡಿ ಸೋಸಿ. ಎಥನಾಲ್‌ನಲ್ಲಿ ನೆನೆಸಿದರೆ ಸಾರ ಇನ್ನೂ ಜಾಸ್ತಿ ಇಳಿಯುತ್ತದೆ, ಆದರೆ ಆಮೇಲೆ ಆ ಎಥನಾಲನ್ನು ಪೂರ್ತಿ ಆವಿಯಾಗಿಸಬೇಕು. ಅದು ಪ್ರಯೋಗಾಲಯದ ಕೆಲಸ. ನೀರಿನ ಸಾರ ಬೇಗ ಹುಳಿಯುತ್ತದೆ, ಆವತ್ತಿನದು ಆವತ್ತೇ ಬಳಸಿ.

ಎಲ್ಲ ಗಿಡಕ್ಕೂ ಇದೇ ವಿಧಾನ ಒಗ್ಗುವುದಿಲ್ಲ. ಬೆಳ್ಳುಳ್ಳಿಯಲ್ಲಿ ಬ್ಯಾಕ್ಟೀರಿಯಾ ತಡೆಯುವ ಆಲಿಸಿನ್ ಹುಟ್ಟುವುದೇ ಎಸಳನ್ನು ಜಜ್ಜಿದಾಗ. ಜಜ್ಜುವ ಮೊದಲೇ ಬೇಯಿಸಿಬಿಟ್ಟರೆ ಅದನ್ನು ಹುಟ್ಟಿಸುವ ಕಿಣ್ವ ಸಾಯುತ್ತದೆ. ಜಜ್ಜಿ ಹತ್ತು ನಿಮಿಷ ಹಾಗೇ ಬಿಡಬೇಕು. ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ನೀರಿಗೆ ಇಳಿಯುವುದೇ ಇಲ್ಲ ಎನ್ನಬಹುದು, ಅದಕ್ಕೆ ಎಣ್ಣೆ ಬೇಕು.

ಸಾಧ್ಯವಾದರೆ ಸಾರವನ್ನು ಪರೀಕ್ಷೆ ಮಾಡಿಸಿ. ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲೆ ಸಾರದಲ್ಲಿ ಅದ್ದಿದ 6 ಮಿ.ಮೀ. ಕಾಗದದ ಬಿಲ್ಲೆ ಇಡುತ್ತಾರೆ. ಮರುದಿನ ಬಿಲ್ಲೆಯ ಸುತ್ತ ಖಾಲಿ ವೃತ್ತ ಕಂಡರೆ ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿಲ್ಲ ಎಂದರ್ಥ. ಆಂಟಿಆಕ್ಸಿಡೆಂಟ್ ಗುಣ, ಅಂದರೆ ಫ್ರೀ ರ‍್ಯಾಡಿಕಲ್ ತಣಿಸುವ ಗುಣ ನೋಡಲು ಡಿಪಿಪಿಎಚ್ ಎಂಬ ನೇರಳೆ ದ್ರಾವಣವಿದೆ. ಸಾರ ಬೆರೆಸಿದಾಗ ಅದು ಹಳದಿಗೆ ತಿರುಗುತ್ತದೆ. ಹೆಚ್ಚು ತಿರುಗಿದಷ್ಟೂ ಗುಣ ಜೋರು. ನೋಡಲು ತುಂಬಾ ಚೆಂದ! ಆದರೆ ತಟ್ಟೆಯಲ್ಲಿ ಗೆದ್ದ ಸಾರ ಮೀನಿನ ಕರುಳಿನಲ್ಲೂ ಗೆಲ್ಲುತ್ತದೆ ಎಂದುಕೊಳ್ಳಬೇಡಿ. ಅದನ್ನು ತಿನ್ನಿಸಿಯೇ ನೋಡಬೇಕು.

ಈಗ ಬೆರೆಸುವ ಕೆಲಸ. ಸೋಸಿದ ಅಷ್ಟೂ ಸಾರವನ್ನು ಒಂದು ಕಿಲೋ ಆಹಾರದ ಗುಳಿಗೆಗಳ ಮೇಲೆ ಸಿಂಪಡಿಸುತ್ತಾ ಕೈಯಾಡಿಸಿ. ಸುಮ್ನೆ ಸುರಿದರೆ ಗುಳಿಗೆ ಒಡೆದು ಮುದ್ದೆಯಾಗುತ್ತದೆ. ನೆರಳಿನಲ್ಲಿ ಆರಿದ ಮೇಲೆ ತೆಳುವಾಗಿ ಎಣ್ಣೆ ಸವರಿ, ಇಲ್ಲದಿದ್ದರೆ ಮೀನು ಬಾಯಿ ಹಾಕುವ ಮೊದಲೇ ಸಾರ ನೀರುಪಾಲಾಗುತ್ತದೆ.

ಪ್ರಮಾಣದ ವಿಷಯದಲ್ಲಿ ಆಸೆ ಬೇಡ. ಕಿಲೋ ಆಹಾರಕ್ಕೆ 10 ಗ್ರಾಂ ಪುಡಿಯ ಸಾರ ಸಾಕು, 5 ಗ್ರಾಂನಿಂದ ಶುರು ಮಾಡಿದರೆ ಇನ್ನೂ ಒಳ್ಳೆಯದು. ಟ್ಯಾನಿನ್ ಜಾಸ್ತಿಯಾದರೆ ಆಹಾರ ಒಗರಾಗುತ್ತದೆ, ಜೀರ್ಣವೂ ಕೆಡುತ್ತದೆ. ಸಾರವನ್ನು ಕೊಳಕ್ಕೆ ಮಾತ್ರ ಎಂದೂ ಸುರಿಯಬೇಡಿ. ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಸೀಬೆಯ ಬದಲು ಬೇರೆ ಗಿಡ ಹಿಡಿಯುವವರಿಗೆ ಇನ್ನೂ ಎಚ್ಚರ ಬೇಕು. ಅಂಟುವಾಳದಂತೆ ನೊರೆ ಬರುವ ಗಿಡಗಳಲ್ಲಿ ಸಪೋನಿನ್ ಇರುತ್ತದೆ. ಅದು ಕಿವಿರುಗಳನ್ನು ಹಾಳುಮಾಡಿ ಮೀನನ್ನು ಕೊಲ್ಲುತ್ತದೆ. ಹಿಪ್ಪೆ ಹಿಂಡಿ ಹಾಕಿ ಕೊಳದ ಬೇಡದ ಮೀನುಗಳನ್ನು ತೆಗೆಯುವುದು ಇದೇ ಗುಣದಿಂದ ತಾನೇ?

ಇಡೀ ಕೊಳಕ್ಕೆ ಹಾಕುವ ಮೊದಲು ಆರು ತೊಟ್ಟಿಗಳಲ್ಲಿ ನೋಡಿ. ಮೂರಕ್ಕೆ ಸಾರದ ಆಹಾರ, ಮೂರಕ್ಕೆ ಮಾಮೂಲಿ ಆಹಾರ. ಒಂದೇ ಗಾತ್ರದ ಮರಿಗಳನ್ನು ಒಂದೇ ಸಂಖ್ಯೆಯಲ್ಲಿ ಬಿಡಿ. ಆರರಿಂದ ಎಂಟು ವಾರ, ಎಷ್ಟು ತಿಂದವು, ಎಷ್ಟು ತೂಗಿದವು, ಎಷ್ಟು ಸತ್ತವು ಎಂದು ಬರೆದಿಡಿ. ಎರಡು ಗಿಡಗಳನ್ನು ಒಟ್ಟಿಗೆ ಬೆರೆಸಬೇಡಿ, ಯಾವುದು ಕೆಲಸ ಮಾಡಿತು ಎಂದು ತಿಳಿಯುವುದಿಲ್ಲ. ಮರಿಗಳು ತಿನ್ನುವುದು ಕಡಿಮೆ ಮಾಡಿದರೆ ಆ ದಿನವೇ ಸಾರ ನಿಲ್ಲಿಸಿ, ಮಾಮೂಲಿ ಆಹಾರ ಕೊಟ್ಟು, ನೀರಿನ ಆಮ್ಲಜನಕ ಅಳೆಯಿರಿ.