ಧರ್ಮಸ್ಥಳ ಪಾದಯಾತ್ರೆ: ದಿನದ ನಡಿಗೆ, ರಾತ್ರಿಯ ಹಾಲ್ಟ್ ಲೆಕ್ಕ ಹಾಕುವುದು ಹೇಗೆ

ಶಿವರಾತ್ರಿಗೆ ಬೆಂಗಳೂರಿಂದ ಧರ್ಮಸ್ಥಳಕ್ಕೆ ನಡೆಯುತ್ತೇವೆ ಅನ್ನುವವರು ಸಾಮಾನ್ಯವಾಗಿ ಒಂದೇ ಲೆಕ್ಕ ಹಾಕುತ್ತಾರೆ. ಹಾಸನ, ಬೇಲೂರು, ಚಾರ್ಮಾಡಿ ದಾರಿಯಲ್ಲಿ ಒಟ್ಟು ಸುಮಾರು 310 ಕಿ.ಮೀ. ಆಗುತ್ತದೆ, ಸಿಕ್ಕ ರಜೆ ಏಳೆಂಟು ದಿನ, ಭಾಗಿಸಿದರೆ ದಿನಕ್ಕೆ 40, ಅಷ್ಟೇ ತಾನೇ ಅಂತ ಹೊರಟುಬಿಡುತ್ತಾರೆ. ಕಾಲು ಹೇಗೋ 40 ನಡೆದುಬಿಡಬಹುದು. ಆದರೆ ಆ 40ನೇ ಕಿಲೋಮೀಟರಿನಲ್ಲಿ ಮಲಗೋಕೆ ಒಂದು ಸೂರು, ಸ್ನಾನಕ್ಕೆ ನೀರು, ಬೆಳಿಗ್ಗೆಗೆ ಶೌಚಾಲಯ ಇರಬೇಕಲ್ವಾ? ಅದಕ್ಕೇ ನಾನು ಹೇಳುವುದು, ಮೊದಲು ಹಾಲ್ಟ್ ಗುರುತು ಮಾಡಿ, ಆಮೇಲೆ ಕಿಲೋಮೀಟರ್ ಎಣಿಸಿ. ಅದನ್ನೂ ಧರ್ಮಸ್ಥಳದಿಂದ ಹಿಂದಕ್ಕೆ ಎಣಿಸಿ.

ಹಿಂದಕ್ಕೆ ಯಾಕೆ ಅಂದರೆ, ಇಡೀ ದಾರಿಯಲ್ಲಿ ನಿಮ್ಮ ಮಾತು ಕೇಳದ ಭಾಗ ಒಂದೇ, ಚಾರ್ಮಾಡಿ ಘಾಟಿ. ಬೇರೆ ಕಡೆ ಸುಸ್ತಾದರೆ ಎರಡು ಕಿ.ಮೀ. ಹಿಂದೆಯೋ ಮುಂದೆಯೋ ನಿಲ್ಲಬಹುದು. ಕೊಟ್ಟಿಗೆಹಾರ ಬಿಟ್ಟ ಮೇಲೆ ಚಾರ್ಮಾಡಿ ಊರು ಸಿಗುವ ತನಕ ಇಪ್ಪತ್ತು ಕಿ.ಮೀ.ಗೂ ಜಾಸ್ತಿ ತಿರುವು, ಇಳಿಜಾರು, ಕಾಡು. ಅಲ್ಲಿ ಕತ್ತಲಾಗಬಾರದು. ಹಾಗಾಗಿ ಘಾಟಿಯ ಹಿಂದಿನ ರಾತ್ರಿ ಕೊಟ್ಟಿಗೆಹಾರದಲ್ಲೋ ಬಣಕಲ್‌ನಲ್ಲೋ ಮಲಗಲೇಬೇಕು. ಇದನ್ನು ಮೊಳೆ ಹೊಡೆದ ಹಾಗೆ ಗಟ್ಟಿ ಮಾಡಿಕೊಳ್ಳಿ. ಉಳಿದದ್ದೆಲ್ಲ ಇದರ ಸುತ್ತ ಹೊಂದಿಸಬಹುದು.

ಈಗ ಹಿಂದಕ್ಕೆ ನೋಡಿ. ಉಜಿರೆಯಿಂದ ಧರ್ಮಸ್ಥಳ ಹತ್ತು ಕಿ.ಮೀ. ಒಳಗೆ, ಬೆಳಗಿನ ನಡಿಗೆ. ಅದರ ಹಿಂದಿನ ದಿನ ಕೊಟ್ಟಿಗೆಹಾರದಿಂದ ಉಜಿರೆ, ಸುಮಾರು 35. ಅದರ ಹಿಂದೆ ಮೂಡಿಗೆರೆಯಿಂದ ಕೊಟ್ಟಿಗೆಹಾರ, 20ರ ಆಸುಪಾಸು. ಬೇಕಂತಲೇ ಚಿಕ್ಕ ದಿನ ಇಟ್ಟುಕೊಳ್ಳಿ, ಮಂಡಿಗೆ ವಿಶ್ರಾಂತಿ ಸಿಗಲಿ, ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿನ್ನೋಕೆ ಸಮಯವೂ ಸಿಗಲಿ. ಬೇಲೂರಿನಿಂದ ಮೂಡಿಗೆರೆ ಸುಮಾರು 30. ಹಾಸನದಿಂದ ಬೇಲೂರು 40ಕ್ಕೆ ಹತ್ತಿರ, ಆಗಲ್ಲ ಅನಿಸಿದರೆ ಹಗರೆಯಲ್ಲಿ ಮುರಿಯಬಹುದು. ಚನ್ನರಾಯಪಟ್ಟಣದಿಂದ ಹಾಸನವೂ ಹತ್ತಿರತ್ತಿರ ಅಷ್ಟೇ. ಬೆಳ್ಳೂರು ಕ್ರಾಸಿನಿಂದ ಚನ್ನರಾಯಪಟ್ಟಣಕ್ಕೆ 40, ನಡುವೆ ಹಿರೀಸಾವೆ ಇದೆ.

ಬೆಂಗಳೂರಿನ ಕಡೆಯ ತುದಿ ಕೊಂಚ ತಲೆನೋವು. ನೆಲಮಂಗಲ ತುಂಬ ಹತ್ತಿರ, ಕುಣಿಗಲ್ ತುಂಬ ದೂರ, ಎರಡರ ನಡುವೆ 45 ಕಿ.ಮೀ. ಮೊದಲ ದಿನ ಸೋಲೂರು, ಎರಡನೇ ದಿನ ಕುಣಿಗಲ್ ಅಂತ ಇಟ್ಟುಕೊಂಡರೆ ಸರಿಹೋಗುತ್ತದೆ. ಆದರೆ ಮೆಜೆಸ್ಟಿಕ್‌ನಿಂದ ಸೋಲೂರು ಮೊದಲ ದಿನಕ್ಕೆ ಜಾಸ್ತಿಯಾಯಿತು. 2024ರಿಂದ ಹಸಿರು ಮೆಟ್ರೋ ಮಾದಾವರದವರೆಗೆ ಹೋಗುತ್ತದೆ, ಅಲ್ಲಿಂದ ಶುರು ಮಾಡಿದರೆ ಊರಿನ ಟ್ರಾಫಿಕ್ ಧೂಳು ತಪ್ಪುತ್ತದೆ, ದೂರವೂ 30ರ ಒಳಗೆ ಬರುತ್ತದೆ. ಇದು ಮೋಸ ಅನ್ನುವ ಹಿರಿಯರು ಪ್ರತಿ ತಂಡದಲ್ಲೂ ಒಬ್ಬರು ಇರುತ್ತಾರೆ. ಅವರು ಹಿಂದಿನ ದಿನವೇ ಮನೆಯಿಂದ ನಡೆದು ನೆಲಮಂಗಲದಲ್ಲಿ ಕಾಯಲಿ. ಮೂರನೇ ದಿನ ಯಡಿಯೂರು ಸಿದ್ಧಲಿಂಗೇಶ್ವರ ಸ್ವಾಮಿ ಸನ್ನಿಧಿಯಲ್ಲಿ ದಾಸೋಹದ ಊಟ ಮಾಡಿ, ಬಿಸಿಲು ಇಳಿಯುವ ತನಕ ನೆರಳಲ್ಲಿ ಒರಗಿ, ಸಂಜೆ ಬೆಳ್ಳೂರು ಕ್ರಾಸ್ ಸೇರಿ. ಅಲ್ಲಿ ಹೆದ್ದಾರಿ ಬದಿಯಲ್ಲೇ ಬಿ.ಜಿ. ನಗರದ ಆದಿಚುಂಚನಗಿರಿ ಮೆಡಿಕಲ್ ಕಾಲೇಜಿನ ದೊಡ್ಡ ಆಸ್ಪತ್ರೆ ಇದೆ. ಕಾಲಿನ ಗತಿ ಏನು ಅಂತ ಮೂರನೇ ದಿನಕ್ಕೆ ಗೊತ್ತಾಗಿರುತ್ತದೆ. ಗುಳ್ಳೆ ಕೀವು ಕಟ್ಟಿದ್ದರೆ ಅಲ್ಲೇ ತೋರಿಸಿ, ಹಾಸನದಲ್ಲಿ ನೋಡೋಣ ಅಂತ ಎಳೆಯಬೇಡಿ.

ಹೀಗೆ ಎಣಿಸಿದರೆ ಹತ್ತು ದಿನ ಆಗುತ್ತದೆ. ಎಂಟೇ ದಿನ ಇದ್ದರೆ ಮೊದಲ ಭಾಗವನ್ನು ಒತ್ತಿ, ಬೇಲೂರಿನ ನಂತರದ್ದನ್ನು ಮುಟ್ಟಬೇಡಿ. ಬೇಲೂರು, ಮೂಡಿಗೆರೆ ಕಡೆ ಕಾಫಿ ತೋಟಗಳಲ್ಲಿ ಆನೆ ಓಡಾಟ ಇದೆ. ಹೆದ್ದಾರಿಯಲ್ಲಿ ಬೆಳಗಿನ ಜಾವ ಮೂರೂವರೆಗೆ ಎದ್ದು ನಡೆದವರು ಇಲ್ಲಿ ಬೆಳಕು ಹರಿಯುವ ತನಕ ಕಾಯಬೇಕು, ಸಂಜೆಯೂ ಬೇಗ ಸೇರಿಕೊಳ್ಳಬೇಕು. ಅಂದರೆ ನಡೆಯುವ ಗಂಟೆಗಳೇ ಕಡಿಮೆ. ಇನ್ನೊಂದು ವಿಷಯ, ಶಿವರಾತ್ರಿ ಬರುವುದು ಬಹುಳ ಚತುರ್ದಶಿಗೆ. ಮೊದಲ ದಿನಗಳಲ್ಲಿ ಬೆಳಗಿನ ಜಾವ ಚಂದ್ರ ಇರುತ್ತಾನೆ, ದಾರಿ ಕಾಣುತ್ತದೆ. ಕೊನೆಯ ಎರಡು ಮೂರು ದಿನ ಪೂರ್ತಿ ಕತ್ತಲು. ಟಾರ್ಚ್ ಬೇಕಾಗುವುದು ಆಗಲೇ, ಬ್ಯಾಟರಿ ಅಲ್ಲಿಯವರೆಗೆ ಉಳಿಸಿ.

ಹಾಸನದಿಂದ ಸಕಲೇಶಪುರ, ಶಿರಾಡಿ, ಗುಂಡ್ಯ, ನೆಲ್ಯಾಡಿ ಮೇಲೆ ಹೋಗುವ ತಂಡಗಳೂ ಇವೆ. ಲಾರಿ, ಟ್ಯಾಂಕರ್ ಜಾಸ್ತಿ. ನನಗೆ ಚಾರ್ಮಾಡಿಯೇ ಇಷ್ಟ.

ಇನ್ನು ಮಲಗುವ ಜಾಗ. ಹತ್ತು ಜನರೊಳಗಿನ ತಂಡಕ್ಕೆ ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆಯಲ್ಲಿ ಲಾಡ್ಜ್ ಸಿಗುತ್ತದೆ. ಕಷ್ಟ ಇರುವುದು ಸೋಲೂರು, ಹಿರೀಸಾವೆ, ಹಗರೆಯಂಥ ಚಿಕ್ಕ ಊರುಗಳಲ್ಲಿ, ಮತ್ತು ಮೂವತ್ತು ನಲವತ್ತು ಜನರ ತಂಡಕ್ಕೆ. ಅಂಥವರಿಗೆ ಕಲ್ಯಾಣ ಮಂಟಪ, ದೇವಸ್ಥಾನದ ಪ್ರಾಂಗಣ, ಸಮುದಾಯ ಭವನ, ಶಾಲೆಯ ಜಗಲಿಯೇ ಗತಿ. ಮಾಘ ಮಾಸ ಮದುವೆ ಕಾಲ ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ. ನೀವು ಹೋಗುವ ದಿನ ಮುಹೂರ್ತ ಇದ್ದರೆ ಮಂಟಪ ಹಿಂದಿನ ಸಂಜೆಯಿಂದಲೇ ತುಂಬಿರುತ್ತದೆ, ನೀವು ಎಷ್ಟು ದುಡ್ಡು ಕೊಡುತ್ತೇನೆ ಅಂದರೂ ಆಗಲ್ಲ. ಕ್ಯಾಲೆಂಡರ್ ತೆಗೆದು ಲಗ್ನದ ದಿನಗಳನ್ನು ಗುರುತು ಮಾಡಿಕೊಂಡು, ಸಂಕ್ರಾಂತಿಗೆ ಮುಂಚೆಯೇ ಒಂದು ಭಾನುವಾರ ಕಾರಿನಲ್ಲೋ ಬೈಕಿನಲ್ಲೋ ಹೋಗಿ ಜಾಗ ನೋಡಿ, ಮುಂಗಡ ಕೊಟ್ಟು, ರಸೀದಿ ತಗೊಂಡು ಬನ್ನಿ. ಫೋನಿನಲ್ಲಿ "ಬನ್ನಿ ಸಾರ್, ನೋಡೋಣ" ಅಂದದ್ದು ಬುಕ್ಕಿಂಗ್ ಅಲ್ಲ.

ನೋಡಲು ಹೋದಾಗ ಹಾಲ್ ಎಷ್ಟು ದೊಡ್ಡದು ಅಂತ ಅಳೆಯಬೇಡಿ. ಶೌಚಾಲಯ ಎಷ್ಟು, ಹೆಂಗಸರಿಗೆ ಬೇರೆ ಇದೆಯಾ, ಚಿಲಕ ಬೀಳುತ್ತಾ, ರಾತ್ರಿ ಕರೆಂಟ್ ಹೋದರೆ ಟ್ಯಾಂಕಿನಲ್ಲಿ ನೀರು ಇರುತ್ತಾ, ಇಷ್ಟು ಕೇಳಿ. ನಲವತ್ತು ಜನಕ್ಕೆ ಎರಡೇ ಶೌಚಾಲಯ ಇದ್ದರೆ ಮೂರೂವರೆಗೆ ಹೊರಡುವ ತಂಡ ಐದೂವರೆಗೆ ಹೊರಡುತ್ತದೆ, ಆ ಎರಡು ಗಂಟೆಯನ್ನು ಮಧ್ಯಾಹ್ನದ ಬಿಸಿಲಲ್ಲಿ ಕಟ್ಟಬೇಕಾಗುತ್ತದೆ. ಶಾಲೆಯಾದರೆ ಮುಖ್ಯ ಶಿಕ್ಷಕರನ್ನೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಯವರನ್ನೂ ಮೊದಲೇ ಕೇಳಿ, ಮಕ್ಕಳು ಬರುವ ಮುಂಚೆ ಗುಡಿಸಿ ಬಿಟ್ಟುಕೊಡಿ. ಸಿಮೆಂಟ್ ನೆಲ ರಾತ್ರಿ ಐಸ್ ಥರ ಆಗುತ್ತದೆ, ಚಾಪೆ ಜೊತೆ ಒಂದು ಮ್ಯಾಟ್ ಇರಲಿ.

ದೊಡ್ಡ ತಂಡಕ್ಕೆ ಒಂದು ಲಗೇಜ್ ಗಾಡಿ, ಇಬ್ಬರು ಅಡುಗೆಯವರು ಬೇಕೇ ಬೇಕು. ಗಾಡಿ ಹಿಂದೆ ಬರಬಾರದು, ಮುಂದೆ ಹೋಗಿ ಹಾಲ್ಟ್‌ನಲ್ಲಿ ಜಾಗ ಹಿಡಿದು ಒಲೆ ಹಚ್ಚಿರಬೇಕು. ದಾರಿಯಲ್ಲಿ ಊರಿನವರು ಮಜ್ಜಿಗೆ, ಕಲ್ಲಂಗಡಿ, ಪಲಾವ್ ಕೊಡುತ್ತಾರೆ, ಶಿವರಾತ್ರಿ ಹತ್ತಿರ ಬಂದಷ್ಟೂ ಜಾಸ್ತಿ. ಆದರೆ ಅದನ್ನೇ ನಂಬಿ ರಾತ್ರಿ ಅಡುಗೆ ಬಿಡಬೇಡಿ. ಬಡಿಸುವವರು ನಿಮ್ಮ ಹಾಲ್ಟ್ ಹತ್ತಿರವೇ ಇರಬೇಕು ಅಂತೇನೂ ಇಲ್ಲ.

ನಡೆಯುವಾಗ ಗುಂಪಿನ ಹಿಂದೆ ಮುಂದೆ ಒಬ್ಬೊಬ್ಬರಿಗೆ ಹೊಳೆಯುವ ಜಾಕೆಟ್ ಹಾಕಿಸಿ, ಎದುರಿಗೆ ಬರುವ ಗಾಡಿ ಕಾಣುವ ಹಾಗೆ ರಸ್ತೆಯ ಬಲಬದಿಯಲ್ಲಿ ಸಾಲಾಗಿ ನಡೆಯಿರಿ. ಹೊಸ ಶೂ ಬೇಡ, ತಿಂಗಳಿಂದ ಹಾಕಿ ಪಳಗಿದ್ದು ಇರಲಿ.

ಘಾಟಿಯ ದಿನ ಮಾತ್ರ ಸ್ವಲ್ಪ ಬೇರೆ. ಬೆಳಕಾದ ತಕ್ಷಣ ಹೊರಡಿ, ನಡುವೆ ಹೋಟೆಲ್ ಸಿಗುತ್ತದೆ ಅಂತ ನಂಬಬೇಡಿ, ಎರಡು ಲೀಟರ್ ನೀರು, ಚಪಾತಿಯೋ ಅವಲಕ್ಕಿಯೋ ಬೆನ್ನ ಮೇಲೇ ಇರಲಿ. ಹಲವು ಕಡೆ ಮೊಬೈಲ್ ಸಿಗ್ನಲ್ ಇರಲ್ಲ, ಆದ್ದರಿಂದ ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಎಲ್ಲರೂ ಸೇರಿ, ತಲೆ ಎಣಿಸಿ ಮುಂದೆ ಹೋಗಿ. ಇಳಿಜಾರಿನಲ್ಲಿ ಬೆರಳು ಶೂಗೆ ಬಡಿದು ಉಗುರು ಕಪ್ಪಾಗುತ್ತದೆ, ಹಿಂದಿನ ರಾತ್ರಿ ಉಗುರು ಕತ್ತರಿಸಿ, ಲೇಸ್ ಬಿಗಿ ಕಟ್ಟಿ. ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಹೊರಟವರು ಚಾರ್ಮಾಡಿ ಮುಟ್ಟುವಾಗ ಬೆವರಲ್ಲಿ ತೊಯ್ದಿರುತ್ತಾರೆ, ಕಕ್ಕಿಂಜೆ, ಮುಂಡಾಜೆಯ ಸೆಕೆಯಲ್ಲಿ ಕೊನೆಯ ಹತ್ತು ಕಿ.ಮೀ. ಇಪ್ಪತ್ತು ಅನಿಸುತ್ತದೆ. ನೀರಿನ ಬಾಟಲಿ, ಪ್ಲಾಸ್ಟಿಕ್ ತಟ್ಟೆ ಘಾಟಿಯಲ್ಲಿ ಎಸೆಯಬೇಡಿ. ದೇವರ ಹೆಸರಲ್ಲಿ ನಡೆದು ಕಾಡಿಗೆ ಕಸ ಹಾಕುವುದು ಯಾವ ಭಕ್ತಿಯೋ ನನಗಂತೂ ಗೊತ್ತಿಲ್ಲ.

ಧರ್ಮಸ್ಥಳದಲ್ಲಿ ಊಟದ ಚಿಂತೆ ಇಲ್ಲ, ಅನ್ನಪೂರ್ಣ ಛತ್ರ ಇದೆ. ರೂಮಿನ ಚಿಂತೆ ಇದೆ. ಕ್ಷೇತ್ರದ ವಸತಿಗೃಹಗಳು ಎಷ್ಟಿದ್ದರೂ ಶಿವರಾತ್ರಿ ದಿನ ಸಾಲದು, ಆದ್ದರಿಂದ ಹಿಂದಿನ ದಿನ ಬೆಳಿಗ್ಗೆಯೇ ತಲುಪುವ ಹಾಗೆ ಲೆಕ್ಕ ಇಡಿ. ಆಗ ನೇತ್ರಾವತಿಯಲ್ಲಿ ಸ್ನಾನ ಮಾಡಿ, ದರ್ಶನ ಮುಗಿಸಿ, ಜಾಗರಣೆಗೆ ಮುಂಚೆ ಒಂದು ರಾತ್ರಿ ನಿದ್ದೆಯೂ ಆಗುತ್ತದೆ. ವಾಪಸ್ ಬಸ್ಸಿನ ಟಿಕೆಟ್ ಬುಕ್ಕಿಂಗ್ ಶುರುವಾದ ದಿನವೇ ತೆಗೆದಿಡಿ. ಜಾಗರಣೆಯ ಮಾರನೇ ದಿನ, ಊದಿದ ಕಾಲಿನಲ್ಲಿ ಬೆಂಗಳೂರಿಗೆ ನಿಂತುಕೊಂಡು ಹೋಗೋಕೆ ಆಗಲ್ಲ.