ಶಾಲೆಯ ಶೂ: ಮೇ ತಿಂಗಳಲ್ಲೋ, ಆಗಸ್ಟ್‌ನಲ್ಲೋ?

ಶಿವಮೊಗ್ಗದಲ್ಲಿ ಚಪ್ಪಲಿ ಅಂಗಡಿ ಇಟ್ಟ ನನ್ನಂಥವರಿಗೆ ಶಾಲೆ ಶೂ ಸೀಸನ್ ವರ್ಷಕ್ಕೆ ಎರಡು ಸಲ ಬರುತ್ತದೆ. ಹೊನ್ನಾಳಿ, ಶಿಕಾರಿಪುರ, ಭದ್ರಾವತಿ ಕಡೆಯವರು ಮೇ ತಿಂಗಳಲ್ಲಿ ಬರುತ್ತಾರೆ. ಮಳೆ ಹೆಚ್ಚಿರುವ ಮಲೆನಾಡಿನ ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯವರಲ್ಲಿ ಅನುಭವ ಇದ್ದವರು ಮೇನಲ್ಲಿ ಮಳೆಗಾಲದ ಚಪ್ಪಲಿಯನ್ನಷ್ಟೇ ಒಯ್ಯುತ್ತಾರೆ, ಶೂಗೆ ಆಗಸ್ಟ್ ಮೊದಲ ವಾರ ಬರುತ್ತಾರೆ. ಇಬ್ಬರದ್ದೂ ಸರಿಯೇ. ತಪ್ಪುವುದು ಮೇ ಕೊನೆಯ ಭಾನುವಾರ ಮಗುವನ್ನು ಮನೆಯಲ್ಲೇ ಬಿಟ್ಟು ಬಂದು, "ಮೂರನೇ ಕ್ಲಾಸಿನ ಹುಡುಗನಿಗೆ ಒಂದು ಜೊತೆ ಕೊಡಿ" ಎನ್ನುವವರದ್ದು. ಮೂರನೇ ಕ್ಲಾಸಿಗೆ ಅಂತ ಒಂದು ಸೈಜ್ ಇಲ್ಲ. ಒಂದೇ ಬೆಂಚಿನಲ್ಲಿ ಕೂರುವ ಮಕ್ಕಳಲ್ಲೇ ಮೂರು ನಂಬರ್ ವ್ಯತ್ಯಾಸ ಇರುತ್ತದೆ.

ಬಯಲುಸೀಮೆಯ ಮಗುವಿಗೆ ನಾನು ಹೇಳುವ ಸಮಯ, ಶಾಲೆ ತೆರೆಯುವುದಕ್ಕೆ ಹತ್ತು ಹನ್ನೆರಡು ದಿನ ಮುಂಚೆ. ಅಂದರೆ ಸುಮಾರಾಗಿ ಮೇ 15ರಿಂದ 20ರ ಒಳಗೆ. ರಜೆ ಶುರುವಾದ ಕೂಡಲೇ ಏಪ್ರಿಲ್‌ನಲ್ಲಿ ಬೇಡ, ಮೇ ಕೊನೆಯ ವಾರವೂ ಬೇಡ. ಇದರ ಹಿಂದೆ ಇರುವುದು ಪಾದ ಬೆಳೆಯುವ ಲೆಕ್ಕ.

ಐದರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳ ಪಾದ ವರ್ಷಕ್ಕೆ ಹೆಚ್ಚುಕಡಿಮೆ 8ರಿಂದ 10 ಮಿ.ಮೀ. ಉದ್ದವಾಗುತ್ತದೆ. ನಮ್ಮಲ್ಲಿ ಚಾಲ್ತಿಯಲ್ಲಿರುವ ಬ್ರಿಟಿಷ್ ಸೈಜಿನಲ್ಲಿ ಒಂದು ನಂಬರಿಗೂ ಅದರ ಮುಂದಿನದಕ್ಕೂ ಇರುವ ಅಂತರ ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿ.ಮೀ. ವರ್ಷಕ್ಕೊಂದು ನಂಬರ್ ಏರುತ್ತದೆ ಎಂಬ ಮಾತು ಬಂದದ್ದು ಇಲ್ಲಿಂದ. ನಡೆಯುವಾಗ ಪ್ರತಿ ಹೆಜ್ಜೆಗೂ ಪಾದ ಸ್ವಲ್ಪ ಚಾಚಿಕೊಂಡು ಮುಂದಕ್ಕೆ ಜಾರುತ್ತದೆ. ಆದ್ದರಿಂದ ಬೆರಳಿನ ತುದಿಯಿಂದ ಶೂ ಮೂತಿಯ ಒಳಭಾಗಕ್ಕೆ ಯಾವಾಗಲೂ 6 ಮಿ.ಮೀ. ಆದರೂ ಖಾಲಿ ಇರಬೇಕು. ಹೊಸದಾಗಿ ಕೊಳ್ಳುವಾಗ ನಾನು 12 ಮಿ.ಮೀ. ಬಿಡುತ್ತೇನೆ. ಈಗ ಲೆಕ್ಕ ಹಾಕಿ: ಬೆಳೆಯಲು ಸಿಗುವುದು 6 ಮಿ.ಮೀ., ತಿಂಗಳಿಗೆ ಮುಕ್ಕಾಲು ಮಿ.ಮೀ.ನಂತೆ ಎಂಟು ತಿಂಗಳು. ಮೇ ಕೊನೆಯಲ್ಲಿ ಸರಿಯಾಗಿದ್ದ ಶೂ ಜನವರಿ ಹೊತ್ತಿಗೆ ಬಿಗಿಯಾಗುತ್ತದೆ. ಶೂ ಕಂಪನಿಯದ್ದೂ ಅಂಗಡಿಯದ್ದೂ ಇದರಲ್ಲಿ ತಪ್ಪಿಲ್ಲ.

ಏಪ್ರಿಲ್ 10ಕ್ಕೇ ಕೊಂಡಿಟ್ಟರೆ ಶಾಲೆ ತೆರೆಯುವಷ್ಟರಲ್ಲಿ ಆ 6 ಮಿ.ಮೀ.ನಲ್ಲಿ ಒಂದಕ್ಕಿಂತ ಹೆಚ್ಚು ಪೆಟ್ಟಿಗೆಯೊಳಗೇ ಕಳೆದುಹೋಗಿರುತ್ತದೆ. ಜೊತೆಗೆ, ಎಕ್ಸ್‌ಚೇಂಜ್‌ಗೆ ಅಂಗಡಿಯವರು ಕೊಡುವ ಒಂದೆರಡು ವಾರದ ಗಡುವೂ ಮುಗಿದಿರುತ್ತದೆ. ಲೇಸಿನ ಶೂ ಬೇಕೋ, ವೆಲ್ಕ್ರೋ ಆಗುತ್ತದೋ, ಶನಿವಾರಕ್ಕೆ ಬಿಳಿ ಕ್ಯಾನ್ವಾಸ್ ಬೇಕೋ ಎಂದು ಖಾಸಗಿ ಶಾಲೆಗಳು ತಿಳಿಸುವುದೂ ಎಷ್ಟೋ ಸಲ ಮೇ ತಿಂಗಳಲ್ಲೇ. ಇನ್ನು ಮೇ ಕೊನೆಯ ವಾರಕ್ಕೆ ಬಂದರೆ ಚಿಕ್ಕ 11ರಿಂದ (13ಕ್ಕೆ ಮುಗಿಯುವ ಮೊದಲ ಸುತ್ತಿನದು) ದೊಡ್ಡ 2ರವರೆಗಿನ (ಮತ್ತೆ 1ರಿಂದ ಶುರುವಾಗುವ ಸುತ್ತಿನದು) ನಡುವಿನ ನಂಬರ್‌ಗಳೇ ಮೊದಲು ಖಾಲಿಯಾಗಿರುತ್ತವೆ. 13 ಸಿಗದೆ 1 ಒಯ್ದವರು, 1 ಸಿಗದೆ 13ಕ್ಕೇ ಕಾಲು ತುರುಕಿಸಿದವರು ಹೆಚ್ಚಾಗಿ ಕಾಣುವುದು ಆ ವಾರವೇ. ಮಕ್ಕಳ ಸೈಜ್ 13ಕ್ಕೆ ಮುಗಿದು ಮತ್ತೆ 1ರಿಂದ ಶುರುವಾಗುತ್ತದೆ ಎಂಬುದು ಗೊತ್ತಿಲ್ಲದೆ ಫೋನಿನಲ್ಲಿ ಆರ್ಡರ್ ಮಾಡಿ ಮೋಸ ಹೋಗುವವರೂ ಇದ್ದಾರೆ. ಪೆಟ್ಟಿಗೆ ಮೇಲೆ ಬರೀ 3 ಎಂದಿದ್ದರೆ ಅದು ಆಗಷ್ಟೇ ಹೆಜ್ಜೆ ಇಡಲು ಕಲಿಯುವ ಕೂಸಿನದ್ದೋ, ಆರನೇ ಕ್ಲಾಸಿನವರದ್ದೋ ಎಂದು ಕೇಳಿಯೇ ಕೊಳ್ಳಿ.

"ಎರಡು ನಂಬರ್ ದೊಡ್ಡದೇ ಕೊಡಿ, ಮುಂದಿನ ವರ್ಷಕ್ಕೂ ಆಗ್ಲಿ" ಎಂದು ಅಮ್ಮಂದಿರು ಕೇಳುವುದು ದುಡ್ಡಿನ ಕಷ್ಟಕ್ಕೆ. ಆ ಕಷ್ಟ ನಿಜ. ಆದರೆ ಅದರಿಂದ ದುಡ್ಡು ಉಳಿಯುವುದಿಲ್ಲ. ಶೂ ಬಾಗಲು ಒಂದು ಜಾಗ ಇರುತ್ತದೆ. ಬೆರಳುಗಳು ಶುರುವಾಗುವ ಕಡೆ, ಪಾದದ ಅತಿ ಅಗಲವಾದ ಭಾಗ ಬರುವಲ್ಲಿ. ಎರಡು ನಂಬರ್ ದೊಡ್ಡದಾದರೆ ಪಾದ ಬಾಗುವ ಜಾಗವೇ ಬೇರೆ, ಶೂ ಬಾಗುವ ಜಾಗವೇ ಬೇರೆ. ದೀಪಾವಳಿಯ ಹೊತ್ತಿಗೆ ಮೇಲಿನ ರೆಕ್ಸಿನ್ ಅಡ್ಡಕ್ಕೆ ಸೀಳುತ್ತದೆ, ಅಟ್ಟೆ ಮೂತಿಯ ಹತ್ತಿರ ಬಾಯಿ ಬಿಡುತ್ತದೆ. ಮೂತಿಗೆ ಹತ್ತಿ ತುರುಕಿದರೆ ಹಿಮ್ಮಡಿ ಮೇಲೆ ಕೆಳಗೆ ಆಡುವುದು ನಿಲ್ಲುವುದಿಲ್ಲ. ಬೊಬ್ಬೆ ಬರುತ್ತದೆ, ಮೆಟ್ಟಿಲು ಇಳಿಯುವಾಗ ಮಗು ಎಡವುತ್ತದೆ. ಎರಡು ವರ್ಷಕ್ಕೆಂದು ಕೊಂಡ ಶೂ ಒಂದು ವರ್ಷವನ್ನೂ ಕಾಣುವುದಿಲ್ಲ.

ಜೂನ್‌ನಿಂದ ಪರೀಕ್ಷೆಯವರೆಗಿನ ಅಷ್ಟೂ ತಿಂಗಳು ಒಂದೇ ಜೊತೆಯಲ್ಲಿ ದಾಟಿಸಲೇಬೇಕಿದ್ದರೆ ನಾನು ಮಾಡುವುದು ಇಷ್ಟು. 12ರ ಬದಲು 15 ಮಿ.ಮೀ. ಜಾಗ ಇರುವ ಶೂ ಕೊಡುತ್ತೇನೆ, ಲೇಸ್ ಇರುವುದನ್ನೇ. ಒಳಗೆ 3 ಮಿ.ಮೀ. ದಪ್ಪದ ಇನ್ನೊಂದು ಇನ್‌ಸೋಲ್ ಹಾಕುತ್ತೇನೆ. ಅದರಿಂದ ಉದ್ದ ಕಡಿಮೆಯಾಗುವುದಿಲ್ಲ, ಪಾದ ಮೇಲೆ ಎದ್ದು ಲೇಸಿನ ಕೆಳಗೆ ಗಟ್ಟಿಯಾಗಿ ಕೂರುತ್ತದೆ, ಮುಂದಕ್ಕೆ ಜಾರುವುದಿಲ್ಲ. ದಸರಾ ರಜೆಯಲ್ಲಿ ಆ ಇನ್‌ಸೋಲ್ ತೆಗೆದುಬಿಡಿ. 15ಕ್ಕಿಂತ ಜಾಸ್ತಿ ಜಾಗಕ್ಕೆ ಈ ಉಪಾಯ ನಡೆಯುವುದಿಲ್ಲ. ಬೆಲ್ಟ್ ಶೂ, ಲೇಸಿಲ್ಲದೆ ಮೇಲೆ ತೆರೆದಿರುವ ಬೆಲ್ಲಿ ಶೂಗಳಿಗೂ ನಡೆಯುವುದಿಲ್ಲ. ಹಿಮ್ಮಡಿ ಮೇಲೆದ್ದು ಶೂ ಕಳಚಿಕೊಳ್ಳುತ್ತದೆ.

ಅಳತೆಯನ್ನು ಮನೆಯಲ್ಲೇ ತೆಗೆಯಿರಿ, ಸಂಜೆ ನಾಲ್ಕರ ನಂತರ. ಓಡಾಡಿದ ಕಾಲು ಬೆಳಗ್ಗೆಗಿಂತ ಸ್ವಲ್ಪ ಊದಿರುತ್ತದೆ, ಶಾಲೆ ಬಿಡುವ ಹೊತ್ತಿಗೆ ಇರುವುದೂ ಆ ಕಾಲೇ. ಗೋಡೆಗೆ ತಾಗಿಸಿ ನೆಲದ ಮೇಲೆ ಹಾಳೆ ಇಡಿ. ಶಾಲೆಗೆ ಹಾಕುವ ಸಾಕ್ಸ್ ಹಾಕಿಸಿ, ಹಿಮ್ಮಡಿ ಗೋಡೆಗೆ ತಾಗುವಂತೆ ಮಗುವನ್ನು ನಿಲ್ಲಿಸಿ. ಕೂರಿಸಿ ಅಳೆದರೆ ಮೈಭಾರ ಬೀಳದೆ ಅಳತೆ ಕಡಿಮೆ ಬರುತ್ತದೆ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಅತಿ ಮುಂದಿರುವ ಬೆರಳಿನ ತುದಿಗೆ ಗುರುತು ಹಾಕಿ. ಕೆಲವು ಮಕ್ಕಳಿಗೆ ಹೆಬ್ಬೆರಳಿಗಿಂತ ಅದರ ಪಕ್ಕದ ಬೆರಳೇ ಉದ್ದ. ಎರಡೂ ಕಾಲು ಅಳೆಯಿರಿ. ಎಡ ಬಲಕ್ಕೆ 3–4 ಮಿ.ಮೀ. ವ್ಯತ್ಯಾಸ ಇದ್ದರೆ ಗಾಬರಿ ಬೇಡ, ದೊಡ್ಡ ಕಾಲಿಗೆ ಶೂ ತೆಗೆದುಕೊಳ್ಳಿ.

ಮಗುವನ್ನು ಕರೆತರಲು ಆಗದ ಹಳ್ಳಿಯವರು ದಾರದಲ್ಲಿ ಅಳತೆ ತರುತ್ತಾರೆ. ದಾರ ಬೇಡ, ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಸುಕ್ಕಾಗುತ್ತದೆ. ಹಿಂದಿನವರು ತರುತ್ತಿದ್ದ ತೆಂಗಿನ ಗರಿಯ ಕಡ್ಡಿಯೇ ಮೇಲು. ಅದಕ್ಕಿಂತ ಒಳ್ಳೆಯದು ಕಾರ್ಡ್‌ಬೋರ್ಡ್ ಪಟ್ಟಿ. ಒಂದು ಬೆರಳು ಅಗಲಕ್ಕೆ, ಪಾದದ ಉದ್ದಕ್ಕೆ 12 ಮಿ.ಮೀ. ಸೇರಿಸಿ ಕತ್ತರಿಸಿ ತನ್ನಿ. ಅದನ್ನು ಶೂ ಒಳಗೆ ಹಿಮ್ಮಡಿಯಿಂದ ಮೂತಿಯವರೆಗೆ ಮಲಗಿಸುತ್ತೇನೆ. ಬಾಗದೆ ಮಲಗಿದರೆ ಅದೇ ಸೈಜ್. ಬಾಗಿದರೆ ಮುಂದಿನದು. ಅಲುಗಾಡಿದರೆ ಹಿಂದಿನದು. ಅಂದಾಜಿಗೆ, 17 ಸೆಂ.ಮೀ. ಪಾದಕ್ಕೆ ಚಿಕ್ಕ 10, ಹತ್ತೊಂಬತ್ತೂವರೆಗೆ 13, 22ಕ್ಕೆ ದೊಡ್ಡ 3. ಆದರೆ ಒಂದು ಕಂಪನಿಯ 12 ಇನ್ನೊಂದರ 13ಕ್ಕೆ ಸಮ ಇರುವುದುಂಟು. ನಂಬರಿಗಿಂತ ಪಟ್ಟಿಯನ್ನು ನಂಬಿ.

ಅಗಲವನ್ನು ಪಟ್ಟಿ ಹೇಳುವುದಿಲ್ಲ, ಅದಕ್ಕೆ ಮಗುವೇ ಬರಬೇಕು. ಬರಿಗಾಲಲ್ಲಿ ಓಡಾಡಿದ ನಮ್ಮ ಮಕ್ಕಳಲ್ಲಿ ಅಗಲ ಪಾದದವರು ಬಹಳ. ಬ್ರಿಟಿಷ್ ಅಚ್ಚಿನ ಕಿರಿದಾದ ಮೂತಿ ಅವರಿಗೆ ಹಿಡಿಯುತ್ತದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದುದ್ದಕ್ಕೂ ಪಾದಗಳನ್ನು ಅಳೆದು, ನಮ್ಮವರ ಪಾದ ಯುರೋಪಿನವರಿಗಿಂತ ಅಗಲ ಎಂದು ಕಂಡುಕೊಂಡು, 'ಭಾ' ಹೆಸರಿನ ನಮ್ಮದೇ ಸೈಜ್ ಪದ್ಧತಿಯನ್ನು ರೂಪಿಸಿದ್ದು ಇದಕ್ಕೇ. ಅದು ಪೆಟ್ಟಿಗೆಗಳ ಮೇಲೆ ಬರುವ ದಿನಕ್ಕೆ ನನ್ನಂಥವರು ಕಾಯುತ್ತಿದ್ದೇವೆ. ಅಲ್ಲಿಯವರೆಗೆ, ಅಗಲ ಸಾಲದಿದ್ದರೆ ಉದ್ದದ ನಂಬರ್ ಏರಿಸಬೇಡಿ. ಬೇರೆ ಮಾದರಿ ಕೇಳಿ, ಮೂತಿ ಗುಂಡಗಿರುವುದು.

ಹಾಕಿ ನೋಡುವಾಗ ಶೂ ಮೂತಿಯನ್ನು ಒತ್ತಿ "ಬೆರಳು ಎಲ್ಲಿದೆ" ಎಂದು ನೋಡುವುದು ಎಲ್ಲರ ರೂಢಿ. ಒತ್ತಿದ ಕ್ಷಣಕ್ಕೆ ಮಗು ಬೆರಳು ಮಡಚಿಕೊಳ್ಳುತ್ತದೆ, ಇಲ್ಲದ ಜಾಗ ಇದ್ದಂತೆ ಕಾಣುತ್ತದೆ. ಒಂದು ಅಂಗೈಯನ್ನು ಪಾದದ ಮೇಲ್ಭಾಗಕ್ಕೆ ಒತ್ತಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಮೂತಿ ಒತ್ತಿ ನೋಡಿ. ಆಮೇಲೆ ಹತ್ತಿಪ್ಪತ್ತು ಹೆಜ್ಜೆ ನಡೆಸಿ, ಒಮ್ಮೆ ಕುಕ್ಕರಗಾಲಲ್ಲಿ ಕೂರಿಸಿ. ಕೂತಾಗ ಬೆರಳಿಗೆ ಒತ್ತಿದರೆ ಶೂ ಚಿಕ್ಕದು. ನಡೆಯುವಾಗ ಹಿಮ್ಮಡಿ ಟಪ್ ಟಪ್ ಎಂದು ಕಳಚಿದರೆ ದೊಡ್ಡದು. "ಸರಿ ಇದೆಯಾ ಪುಟ್ಟಾ" ಎಂದು ಕೇಳಿದರೆ ಹೊಸ ಶೂ ಆಸೆಗೆ ಯಾವ ಮಗುವೂ ಇಲ್ಲ ಎನ್ನುವುದಿಲ್ಲ.

ಮನೆಗೆ ಒಯ್ದ ಮೇಲೆ ಐದಾರು ದಿನ, ದಿನಕ್ಕೆ ಅರ್ಧ ಗಂಟೆ, ಗುಡಿಸಿ ಒರೆಸಿದ ನೆಲದ ಮೇಲೆ ಮಾತ್ರ ಹಾಕಿಸಿ. ಹತ್ತು ಹನ್ನೆರಡು ದಿನ ಮುಂಚೆ ಕೊಳ್ಳಿ ಎನ್ನುವುದು ಮುಖ್ಯವಾಗಿ ಇದಕ್ಕೆ. ಎಲ್ಲಿ ಉಜ್ಜುತ್ತದೆ ಎಂಬುದು ಎರಡನೇ ದಿನಕ್ಕೇ ಗೊತ್ತಾಗುತ್ತದೆ, ಅಟ್ಟೆಗೆ ಮಣ್ಣು ತಾಗಿರದಿದ್ದರೆ ಬದಲಾಯಿಸಿ ಕೊಡಲು ನಮಗೂ ಕಷ್ಟವಿಲ್ಲ. ಬಿಲ್ಲು, ಪೆಟ್ಟಿಗೆ ಎಸೆಯಬೇಡಿ.

ಪೆಟ್ಟಿಗೆ ಮೇಲಿನ ಚೀಟಿಯಲ್ಲಿ ಎಂಆರ್‌ಪಿ ನೋಡುವವರು ತಯಾರಾದ ತಿಂಗಳು, ವರ್ಷವನ್ನು ನೋಡುವುದಿಲ್ಲ. ಹಗುರ ಶೂಗಳಲ್ಲಿ ಪಿಯು (ಪಾಲಿಯುರೆಥೇನ್ ಎಂಬ ಹಗುರ ಪ್ಲಾಸ್ಟಿಕ್) ಅಟ್ಟೆ ಇರುವುದು ಹೆಚ್ಚು. ಗಾಳಿಯಲ್ಲಿನ ತೇವ ಅದನ್ನು ಒಳಗೊಳಗೇ ತಿನ್ನುತ್ತದೆ. ಹಾಕದೆ ಇಟ್ಟರೂ ಎರಡು ಮೂರು ವರ್ಷದಲ್ಲಿ ಬಿರುಕು ಬಿಟ್ಟು ಪುಡಿ ಉದುರಲು ಶುರುವಾಗಬಹುದು. ಮಲೆನಾಡಿನ ತೇವಕ್ಕೆ ಇನ್ನೂ ಬೇಗ. ಆದ್ದರಿಂದ ಡಿಸೆಂಬರ್ ರಿಯಾಯ್ತಿಯಲ್ಲಿ ಎರಡು ವರ್ಷ ಹಳೆಯ ಸ್ಟಾಕ್ ಬೇಡ, ಅಣ್ಣನಿಗೆ ಕೊಳ್ಳುವಾಗಲೇ ತಮ್ಮನಿಗೂ ಒಂದು ಜೊತೆ ಕೊಂಡು ಬೀರುವಿನಲ್ಲಿ ಇಡುವುದೂ ಬೇಡ. ಅಟ್ಟೆಯನ್ನು ಬಾಗಿಸಿ ಉಗುರಿನಿಂದ ಒತ್ತಿ ನೋಡಿ. ಅಂಟಂಟಾಗಿದ್ದರೆ, ಕೂದಲೆಳೆಯಂಥ ಬಿರುಕು ಕಂಡರೆ, ಅರ್ಧ ಬೆಲೆಗೆ ಕೊಟ್ಟರೂ ಬಿಡಿ. ಪಿವಿಸಿ ಅಟ್ಟೆ ಹೀಗೆ ಪುಡಿಯಾಗುವುದಿಲ್ಲ. ಅದು ಭಾರ, ಒದ್ದೆ ಟೈಲ್ಸ್ ಮೇಲೆ ಜಾರುತ್ತದೆ.

ಮಲೆನಾಡಿನ ಮಾತೇ ಬೇರೆ. ಅಲ್ಲಿ ಶಾಲೆ ತೆರೆಯುವುದೂ ಮುಂಗಾರು ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೆ. ಜೂನ್‌ನಲ್ಲಿ ಒಮ್ಮೆ ಪೂರ್ತಿ ನೆನೆದ ಶೂ ಮನೆಯೊಳಗೆ ಒಣಗಲು ಎರಡು ದಿನ ಬೇಕು, ಅಷ್ಟರಲ್ಲಿ ಮತ್ತೆರಡು ಸಲ ನೆನೆದಿರುತ್ತದೆ. ಒಲೆಯ ಪಕ್ಕ, ಬಚ್ಚಲೊಲೆಯ ಮೇಲೆ ಇಟ್ಟರೆ ಚರ್ಮ ಸೆಟೆದು ಒಡೆಯುತ್ತದೆ, ಅಟ್ಟೆಯ ಅಂಟು ಬಿಡುತ್ತದೆ. ಒಣಗಿಸಲೇಬೇಕಾದರೆ ಇನ್‌ಸೋಲ್ ಹೊರಗೆ ತೆಗೆದು, ಒಳಗೆ ಹಳೆ ನ್ಯೂಸ್‌ಪೇಪರ್ ತುಂಬಿ, ಒಂದು ಗಂಟೆಗೊಮ್ಮೆ ಪೇಪರ್ ಬದಲಿಸಿ, ಫ್ಯಾನ್ ಕೆಳಗೆ ಮಗ್ಗುಲಾಗಿ ಇಡಿ. ಅದಕ್ಕಿಂತ ಸುಲಭ, ಮಳೆಗಾಲ ಕಳೆಯುವವರೆಗೆ ಹಿಂದೆ ಪಟ್ಟಿ ಇರುವ ಪ್ಲಾಸ್ಟಿಕ್ ಸ್ಯಾಂಡಲ್ ಹಾಕಲು ಶಾಲೆಯಲ್ಲಿ ಕೇಳಿ ಒಪ್ಪಿಸಿಕೊಳ್ಳುವುದು. ಬೆರಳ ಸಂದಿ ಕೊಳೆಯುವುದೂ ತಪ್ಪುತ್ತದೆ. ಶೂ ಬೇಕಾಗುವುದು ಆಗಸ್ಟ್ 15ರ ಪಥಸಂಚಲನಕ್ಕೆ. ಮೊದಲ ವಾರ ಕೊಂಡರೆ ಮನೆಯಲ್ಲಿ ಪಳಗಿಸಲು ಸಮಯ ಸಿಗುತ್ತದೆ. ಲೆಕ್ಕಕ್ಕೂ ಇದು ಕೂಡಿ ಬರುತ್ತದೆ: ಆಗಸ್ಟ್‌ನಿಂದ ಮಾರ್ಚ್ ಕೊನೆಗೆ ಎಂಟು ತಿಂಗಳು, ಅದೇ 6 ಮಿ.ಮೀ. ಒಂದೇ ಜೊತೆಯಲ್ಲಿ ಪರೀಕ್ಷೆಯೂ ಮುಗಿಯುತ್ತದೆ.

ಮೇನಲ್ಲಿ ಕೊಂಡವರು ದಸರಾ ರಜೆಯಲ್ಲಿ ಒಮ್ಮೆ, ಸಂಕ್ರಾಂತಿ ಹೊತ್ತಿಗೆ ಒಮ್ಮೆ ಇನ್‌ಸೋಲ್ ಹೊರಗೆಳೆದು ನೋಡಿ. ಬೆರಳುಗಳ ಅಚ್ಚು ಅದರ ಮೇಲೆ ಸ್ಪಷ್ಟವಾಗಿ ಬಿದ್ದಿರುತ್ತದೆ. ಅಚ್ಚಿನಿಂದ ಅಂಚಿಗೆ 6 ಮಿ.ಮೀ.ಗಿಂತ ಕಡಿಮೆ ಇದ್ದರೆ ಹೊಸದು ಬೇಕು. ಪರೀಕ್ಷೆಗೆ ಎರಡು ತಿಂಗಳು ತಾನೇ ಎಂದು ಮುಂದೂಡಬೇಡಿ, ಹೆಬ್ಬೆರಳ ಉಗುರು ಮಾಂಸದೊಳಗೆ ನುಗ್ಗುವುದು ಇಂಥ ದಿನಗಳಲ್ಲೇ. ಮಗು ಶೂ ಹಿಂಭಾಗ ತುಳಿದು ಚಪ್ಪಲಿಯಂತೆ ಹಾಕುತ್ತಿದ್ದರೆ, ಆಟೋ ಹತ್ತಿದ ಕೂಡಲೇ ಶೂ ಬಿಚ್ಚುತ್ತಿದ್ದರೆ ಬೈಯುವ ಮುಂಚೆ ಕಾಲು ನೋಡಿ. ಎಲ್‌ಕೆಜಿ, ಯುಕೆಜಿ ಮಕ್ಕಳದ್ದನ್ನು ಎರಡು ತಿಂಗಳಿಗೊಮ್ಮೆ ನೋಡಬೇಕು. ಗಂಡುಮಕ್ಕಳು ಹನ್ನೆರಡು ಹದಿಮೂರಕ್ಕೆ ದಿಢೀರ್ ಬೆಳೆಯುವಾಗಲೂ ಹಾಗೇ, ಒಂದೇ ವರ್ಷದಲ್ಲಿ ಎರಡು ನಂಬರ್ ಏರಿದ್ದುಂಟು. ಶನಿವಾರದ ಬಿಳಿ ಕ್ಯಾನ್ವಾಸ್ ವಾರಕ್ಕೊಂದು ದಿನದ್ದು, ಸವೆಯುವ ಮೊದಲೇ ಚಿಕ್ಕದಾಗುತ್ತದೆ. ಅದಕ್ಕೆ ಹೆಚ್ಚು ದುಡ್ಡು ಹಾಕಬೇಡಿ.

ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿಯವರು) ಮಕ್ಕಳಿಗೆ ಶೂ, ಸಾಕ್ಸ್ ಖರೀದಿಸುವಾಗ ತರಗತಿವಾರು ಅಂದಾಜು ಪಟ್ಟಿ ಹಿಡಿದು ಬರುತ್ತಾರೆ. ಅದರ ಬದಲು ಒಂದು ಮಧ್ಯಾಹ್ನ ಪ್ರತಿ ಮಗುವನ್ನೂ ಹಾಳೆಯ ಮೇಲೆ ನಿಲ್ಲಿಸಿ, ಹೆಸರಿನ ಮುಂದೆ ದೊಡ್ಡ ಕಾಲಿನ ಉದ್ದವನ್ನು ಮಿ.ಮೀ.ನಲ್ಲಿ ಬರೆದು ತನ್ನಿ. ಐವತ್ತು ಮಕ್ಕಳಿಗೆ ಒಂದು ಗಂಟೆಯ ಕೆಲಸ. ಅಳತೆ ತೆಗೆದು ತಿಂಗಳು ದಾಟಿ ಶೂ ಬರುವಂತಿದ್ದರೆ ಪ್ರತಿ ಮಗುವಿಗೂ 1 ಮಿ.ಮೀ. ಸೇರಿಸಿ. ಐವತ್ತು ಜೊತೆಗೆ ಮೂರು ನಾಲ್ಕು ಜೊತೆ ಬದಲಾವಣೆಗೆ ಬಂದೇ ಬರುತ್ತವೆ. ಆ ಮಾತನ್ನು ಬಿಲ್ ಹಾಕಿಸುವ ಮುಂಚೆಯೇ ಅಂಗಡಿಯವರ ಹತ್ತಿರ ಆಡಿಕೊಳ್ಳಿ.