ಲ್ಯಾಂಬಿಕ್ ಸವಿಯುವ ಬಗೆ: ಬ್ರಸೆಲ್ಸ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಕೆಲಸದ ನಿಮಿತ್ತ ಬ್ರಸೆಲ್ಸ್‌ಗೆ ಬರುವ ನಮ್ಮವರಲ್ಲಿ ಬಿಯರ್ ಕುಡಿಯುವ ಅಭ್ಯಾಸವಿರುವವರು ಯಾರದೋ ಸಲಹೆಯ ಮೇರೆಗೆ ಲ್ಯಾಂಬಿಕ್ ಎಂಬ ಇಲ್ಲಿನ ಹುಳಿ ಬಿಯರಿನ ಒಂದು ಬಗೆಯಾದ ಗ್ಯೂಝ್ ಅನ್ನು ಒಂದು ಲೋಟ ತರಿಸಿಕೊಂಡು, ಒಂದೇ ಗುಟುಕಿಗೆ ಮುಖ ಹಿಂಡಿ, ಇದು ಕೆಟ್ಟುಹೋಗಿದೆ ಎಂದು ಪಕ್ಕಕ್ಕಿಡುವುದನ್ನು ನಾನು ಹಲವು ಸಲ ನೋಡಿದ್ದೇನೆ. 16 ವರ್ಷಗಳ ಹಿಂದೆ ನಾನೂ ಹಾಗೆಯೇ ಅರ್ಧ ಲೋಟ ಬಿಟ್ಟು ಎದ್ದಿದ್ದೆ. ಮತ್ತೆ ಅದರ ಹತ್ತಿರ ಹೋಗಲು ಎರಡು ವರ್ಷ ಹಿಡಿಯಿತು. ಹುಳಿಹುಳಿಗಳ ಭೇದ ತಿಳಿಯುವ ನಾಲಿಗೆ ನಮಗೆ ಮನೆಯ ಊಟದಿಂದಲೇ ಬಂದಿದೆ. ಹುಣಸೆಯ ಹುಳಿ, ಮಜ್ಜಿಗೆಯ ಹುಳಿ, ಮಾವಿನಕಾಯಿಯ ಹುಳಿ, ಪುನರ್ಪುಳಿಯ ಹುಳಿ ಇವೆಲ್ಲ ಒಂದೇ ಅಲ್ಲವೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ತಿಳಿವಳಿಕೆಯನ್ನೇ ಇಲ್ಲಿ ಲೋಟದ ಮುಂದೆ ಕುಳಿತಾಗಲೂ ಬಳಸಿಕೊಳ್ಳಿ ಎಂಬುದಷ್ಟೇ ನನ್ನ ಕೋರಿಕೆ.

ಮೊದಲು ಇದು ಹುಳಿಯಾಗುವುದು ಹೇಗೆಂದು ತಿಳಿದುಕೊಳ್ಳಬೇಕು. ಸಾಮಾನ್ಯ ಬಿಯರಿಗೆ ತಯಾರಕರು ತಾವೇ ಬೆಳೆಸಿದ ಯೀಸ್ಟ್ ಹಾಕುತ್ತಾರೆ. ಲ್ಯಾಂಬಿಕ್‌ಗೆ ಹಾಗೆ ಯಾವ ಯೀಸ್ಟನ್ನೂ ಹಾಕುವುದಿಲ್ಲ. ಮೊಳಕೆ ಬರಿಸಿದ ಬಾರ್ಲಿಯ ಜೊತೆಗೆ ಮೊಳಕೆ ಬರಿಸದ ಗೋಧಿಯನ್ನು ನೂರಕ್ಕೆ 30ರಿಂದ 40ರಷ್ಟು ಸೇರಿಸಿ, ಕಹಿ ಕಳೆದುಕೊಂಡ ಹಳೆಯ ಹಾಪ್ಸ್ ಹೂಗಳನ್ನು ಹಾಕಿ ಗಂಟೆಗಟ್ಟಲೆ ಕುದಿಸಿದ ರಸವನ್ನು, ಕಟ್ಟಡದ ಅಟ್ಟದಲ್ಲಿರುವ ಅಗಲವಾದ, ಆಳವಿಲ್ಲದ ತೊಟ್ಟಿಗೆ ಹರಿಸಿ, ರಾತ್ರಿಯಿಡೀ ಗಾಳಿಗೆ ತೆರೆದು ತಣಿಯಲು ಬಿಡುತ್ತಾರೆ. ಝೆನ್ನೆ ನದಿಯ ಕಣಿವೆಯ ಗಾಳಿಯಲ್ಲಿರುವ ಮತ್ತು ಆ ಹಳೆಯ ಕಟ್ಟಡದ ಮರಮುಟ್ಟುಗಳಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ಅದರೊಳಗೆ ಇಳಿಯುತ್ತವೆ. ಬೇಸಿಗೆಯ ಗಾಳಿಯಲ್ಲಿ ಬೇಡದ ಜೀವಿಗಳೂ ಹೆಚ್ಚುವುದರಿಂದ ಈ ಕೆಲಸ ಸುಮಾರಾಗಿ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ಚಳಿಯ ತಿಂಗಳುಗಳಲ್ಲಿ ಮಾತ್ರ ನಡೆಯುತ್ತದೆ. ಮರುದಿನ ಬೆಳಿಗ್ಗೆ ರಸವನ್ನು ಓಕ್ ಮರದ ಪೀಪಾಯಿಗಳಿಗೆ ತುಂಬುತ್ತಾರೆ, ಅಲ್ಲಿ ಅದು ಒಂದರಿಂದ ಮೂರು ವರ್ಷ ಕೂರುತ್ತದೆ. ಅಕ್ಕಿ, ಉದ್ದು ರುಬ್ಬಿ ಮುಚ್ಚಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ತಾನೇ ಉಬ್ಬುವುದನ್ನೂ, ಬೆಳಿಗ್ಗೆ ಸಿಹಿಯಾಗಿದ್ದ ಈಚಲ ಹೆಂಡ ಸಂಜೆಗೆ ಹುಳಿಯಾಗುವುದನ್ನೂ ಕಂಡವರಿಗೆ ಇದರಲ್ಲಿ ಅಪರಿಚಿತವಾದದ್ದೇನೂ ಇಲ್ಲ. ಅಲ್ಲಿ ಗಂಟೆಗಳಲ್ಲಿ ಆಗುವುದು ಇಲ್ಲಿ ವರ್ಷಗಳಲ್ಲಿ ಆಗುತ್ತದೆ.

ಅಂಗಡಿಯ ಕಪಾಟಿನ ಮುಂದೆ ನಿಂತಾಗ ಗೊಂದಲವಾಗುವುದು ಹೆಸರುಗಳಿಂದ. ಪೀಪಾಯಿಯಿಂದ ನೇರವಾಗಿ ಬಂದದ್ದು ಲ್ಯಾಂಬಿಕ್. ಅದರಲ್ಲಿ ನೊರೆಯಾಗಲಿ ಗುಳ್ಳೆಯಾಗಲಿ ಹೆಚ್ಚು ಇರುವುದಿಲ್ಲ. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬಿ, ಎಳೆಯದರಲ್ಲಿ ಉಳಿದಿರುವ ಸಕ್ಕರೆಯಿಂದ ಅದು ಒಳಗೇ ಮತ್ತೊಮ್ಮೆ ಹುದುಗುವಂತೆ ಮಾಡಿದರೆ ಗ್ಯೂಝ್. ಹುಳಿ ಚೆರ್ರಿ ಹಣ್ಣುಗಳನ್ನು ತಿಂಗಳುಗಟ್ಟಲೆ ನೆನೆಹಾಕಿದರೆ ಕ್ರೀಕ್. ಸಕ್ಕರೆ ಸೇರಿಸಿದ್ದು ಫಾರೊ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವ ಹಣ್ಣಿನ ಚಿತ್ರದ ಚಿಕ್ಕ ಬಾಟಲಿಗಳಲ್ಲಿ ಹಲವು ಸಿಹಿ ಬೆರೆಸಿ ಹುಳಿಯನ್ನು ಮರೆಸಿದಂಥವು. ಅವು ರುಚಿಯಾಗಿಯೇ ಇರಬಹುದು, ಆದರೆ ಅವನ್ನು ಕುಡಿದು ಲ್ಯಾಂಬಿಕ್ ಎಂದರೆ ಇಷ್ಟೇ ಎಂದುಕೊಳ್ಳಬೇಡಿ. ಚೀಟಿಯ ಮೇಲೆ ‘ಔಡೆ ಗ್ಯೂಝ್’ ಅಥವಾ ‘ಔಡೆ ಕ್ರೀಕ್’ ಎಂದಿದೆಯೇ ನೋಡಿ. ‘ಔಡೆ’ ಎಂದರೆ ಹಳೆಯ ಎಂದರ್ಥ. ಸಾಂಪ್ರದಾಯಿಕ ವಿಧಾನದಲ್ಲಿ ತಯಾರಾದದ್ದಕ್ಕೆ ಮಾತ್ರ ಆ ಹೆಸರು ಸಲ್ಲುವಂತೆ ಐರೋಪ್ಯ ಒಕ್ಕೂಟದ ರಕ್ಷಣೆ ಇದೆ.

ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು 20 ನಿಮಿಷ ಹೊರಗಿಡಿ. ಮಂಜಿನಷ್ಟು ತಣ್ಣಗಿದ್ದರೆ ಹುಳಿ ಮಾತ್ರ ನಾಲಿಗೆಗೆ ಚುಚ್ಚುತ್ತದೆ, ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ. 12 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸರಿಯಾದ ಹದ. ಒಳಗೆ ಒತ್ತಡವಿರುವುದರಿಂದ ಬಿರಡೆಯನ್ನು ಅಂಗೈಯಿಂದ ಅದುಮಿ ಹಿಡಿದು ನಿಧಾನವಾಗಿ ತೆಗೆಯಬೇಕು. ತಳದ ಗಸಿ ಕದಡದಂತೆ ಲೋಟಕ್ಕೆ ಸ್ವಲ್ಪವೇ ಸುರಿದುಕೊಂಡು ಮೊದಲು ಮೂಸಿ ನೋಡಿ. ಒಣಹುಲ್ಲು, ತೊಗಲು, ದನದ ಕೊಟ್ಟಿಗೆ ಇವುಗಳ ನೆನಪು ತರುವ ವಾಸನೆ ಬಂದರೆ ಹಿಂಜರಿಯಬೇಡಿ. ಅದು ಬ್ರೆಟನೊಮೈಸಿಸ್ ಎಂಬ ಯೀಸ್ಟ್‌ನ ಗುರುತು, ಅದರ ಒಂದು ಪ್ರಭೇದಕ್ಕೆ ಈ ಊರಿನ ಹೆಸರೇ ಇದೆ. ಹಳ್ಳಿಯ ಮನೆಯಲ್ಲಿ ಬೆಳೆದವರಿಗೆ ಆ ವಾಸನೆ ಬೇಗ ಒಗ್ಗುವುದನ್ನು ನಾನು ಗಮನಿಸಿದ್ದೇನೆ.

ಮೊದಲ ಗುಟುಕಿನಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಎರಡನೆಯದನ್ನು ಬಾಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿಕೊಂಡು, ಈ ಹುಳಿ ಯಾವ ಬಗೆಯದು ಎಂದು ಕೇಳಿಕೊಳ್ಳಿ. ಹುಳಿ ಮಜ್ಜಿಗೆಯಂಥ ದುಂಡಗಿನ ಹುಳಿ ಮುಂದಾಗಿದ್ದು, ಹಿಂದೆ ಹೇರಳೆಕಾಯಿ ಸಿಪ್ಪೆಯಂಥ ತೆಳು ಕಹಿಯೂ, ಮರದ ಪೀಪಾಯಿಯಿಂದ ಬಂದ ಒಗರೂ, ಕೊನೆಯಲ್ಲಿ ಬಾಯಿಯನ್ನು ಒಣಗಿಸುವ ಚೊಕ್ಕತನವೂ ಇದ್ದರೆ ಅದು ಒಳ್ಳೆಯ ಗ್ಯೂಝ್. ಮೂಗಿಗೆ ಹೊಡೆಯುವ ವಿನಿಗರ್ ಹುಳಿಯೇ ಮೇಲುಗೈಯಾಗಿ ಗಂಟಲು ಉರಿದರೆ ಅದು ದೋಷವೇ. ಅದನ್ನು ಮೆಚ್ಚಿದಂತೆ ನಟಿಸಬೇಕಾಗಿಲ್ಲ. ಹೊಸಬರು ಲೆಂಬೇಕ್‌ನ ಬೂನ್ ತಯಾರಕರ ಮೃದುವಾದ ಗ್ಯೂಝ್‌ನಿಂದ ಆರಂಭಿಸಿ, ಹೆಚ್ಚು ಮೊನಚಾದ ಕಾಂಟಿಯೋನ್‌ನದ್ದನ್ನು ಆಮೇಲೆ ಸವಿಯುವುದು ಲೇಸೆಂಬುದು ನನ್ನ ಅಭಿಪ್ರಾಯ. ಆಮ್ಲಪಿತ್ತದ ತೊಂದರೆ ಇರುವವರು ಖಾಲಿ ಹೊಟ್ಟೆಯಲ್ಲಿ ಮುಟ್ಟಲೇಬಾರದು.

ಜೊತೆಗೆ ಖಾರದ ತಿಂಡಿ ಬೇಡ. ನಮ್ಮ ಕೂಟಗಳಲ್ಲಿ ಮೆಣಸಿನಕಾಯಿ ಬಜ್ಜಿಯೊಡನೆ ಗ್ಯೂಝ್ ಕೊಟ್ಟದ್ದನ್ನು ಕಂಡಿದ್ದೇನೆ. ಖಾರ ಮತ್ತು ಹುಳಿ ಒಂದನ್ನೊಂದು ಕೆರಳಿಸಿ ಎರಡೂ ಹಾಳಾದವು. ಈ ಸೀಮೆಯವರು ಬ್ರೆಡ್ಡಿನ ಮೇಲೆ ಪ್ಲಾಟೆಕಾಸ್ ಎಂಬ ಮೆತ್ತನೆಯ ಬಿಳಿ ಚೀಸ್ ಹಚ್ಚಿ, ಕೆಂಪು ಮೂಲಂಗಿ ಮತ್ತು ಈರುಳ್ಳಿ ಸೊಪ್ಪು ಹಾಕಿ ತಿನ್ನುತ್ತಾರೆ. ಸಸ್ಯಾಹಾರಿಗಳಿಗೂ ಒಗ್ಗುವ ಈ ಜೋಡಿಗಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ.

ಆಂಡರ್‌ಲೆಕ್ಟ್‌ನಲ್ಲಿ, ಮಿದಿ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ, 1900ರಲ್ಲಿ ಆರಂಭವಾದ ಕಾಂಟಿಯೋನ್ ತಯಾರಿಕಾ ಮನೆ ಇದೆ. ಅದೇ ಗ್ಯೂಝ್ ವಸ್ತುಸಂಗ್ರಹಾಲಯವೂ ಹೌದು. ಮದ್ಯ ಮುಟ್ಟದವರೂ ಆ ತೊಟ್ಟಿಯನ್ನು, ಸಾಲು ಪೀಪಾಯಿಗಳನ್ನು ನೋಡಿ ಬರಬೇಕು. ಬ್ರಸೆಲ್ಸ್‌ನ ಪಶ್ಚಿಮಕ್ಕಿರುವ ಪಾಯೊಟೆನ್‌ಲ್ಯಾಂಡ್‌ನ ಐಝರಿಂಗೆನ್ ಹಳ್ಳಿಯಲ್ಲಿ, ‘ಮಹಾದಾಹದ ವಿರುದ್ಧ ವಿಮೆ’ ಎಂಬ ಅರ್ಥದ ಹೆಸರುಳ್ಳ ಕೆಫೆಯೊಂದು ಮುಖ್ಯವಾಗಿ ಭಾನುವಾರ ತೆರೆದಿರುತ್ತದೆ. ಲ್ಯಾಂಬಿಕ್ ತಯಾರಕರ ಸಂಘವಾದ ಹೋರಾಲ್ ಎರಡು ವರ್ಷಕ್ಕೊಮ್ಮೆ ವಸಂತದಲ್ಲಿ ನಡೆಸುವ ‘ಟೂರ್ ದ ಗ್ಯೂಝ್’ ದಿನಗಳಲ್ಲಿ ಹಲವು ತಯಾರಿಕಾ ಮನೆಗಳ ಬಾಗಿಲು ಸಾರ್ವಜನಿಕರಿಗೆ ತೆರೆಯುತ್ತದೆ. ಎಲ್ಲಿಗೇ ಹೋದರೂ ಕಾರು ಬೇಡ. ಇಲ್ಲಿ ಚಾಲಕರ ರಕ್ತದಲ್ಲಿ ಮದ್ಯಸಾರದ ಮಿತಿ ಲೀಟರಿಗೆ 0.5 ಗ್ರಾಂ ಮಾತ್ರ, ಗ್ಯೂಝ್‌ನ ಹುಳಿ ಅದರ ಮದ್ಯಸಾರವನ್ನು ಮರೆಸಿಬಿಡುತ್ತದೆ.

ಊರಿಗೆ ಒಯ್ಯಬಯಸುವವರಿಗೆ ಇನ್ನೊಂದು ಮಾತು. ಭಾರತಕ್ಕೆ ಸುಂಕವಿಲ್ಲದೆ ತಲೆಗೆ 2 ಲೀಟರ್ ಮದ್ಯ ಒಯ್ಯಬಹುದು, ಅಂದರೆ 75 ಸೆಂಟಿಲೀಟರಿನ ಎರಡು ಬಾಟಲಿ. ದಪ್ಪ ಬಟ್ಟೆ ಸುತ್ತಿ ದೊಡ್ಡ ಪೆಟ್ಟಿಗೆಯ ನಡುವೆ ಇಡಿ. ಮನೆ ಸೇರಿದ ದಿನವೇ ತೆರೆಯದೆ, ಬಿಸಿಲು ತಾಗದ ತಂಪು ಮೂಲೆಯಲ್ಲಿ ಎರಡು ವಾರ ಅಲುಗಾಡಿಸದೆ ಇರಿಸಿದರೆ ಕದಡಿದ ಗಸಿ ಮತ್ತೆ ತಳ ಸೇರುತ್ತದೆ.